ಮೂರು ತಲೆಮಾರು ಒಟ್ಟಿಗೆ ಕೊಡಗಿಗೆ ಬಂದಾಗ ಕೊನೇ ಮೂರು ದಿನ ಹೇಗೆ ಕಳೀಬೇಕು: ಸಮಗ್ರ ಮಾರ್ಗದರ್ಶಿ

ಅಜ್ಜಿ ತಾತ, ಮಕ್ಕಳು ಸೊಸೆಯಂದಿರು, ಮೊಮ್ಮಕ್ಕಳು ಎಲ್ಲಾ ಸೇರಿ ಕೊಡಗಿಗೆ ಬರೋ ಕುಟುಂಬಗಳ ಹತ್ರ ಮೊದಲ ಎರಡು ದಿನದ ಪ್ಲಾನ್ ಪಕ್ಕಾ ಇರತ್ತೆ, ರಾಜಾಸೀಟು ಯಾವಾಗ, ಅಬ್ಬಿ ಫಾಲ್ಸ್ ಯಾವಾಗ, ಮಾಂದಲ್‌ಪಟ್ಟಿಗೆ ಜೀಪು ಯಾರಿಗೆ ಹೇಳೋದು, ಎಲ್ಲಾ ಬರೆದಿಟ್ಕೊಂಡಿರ್ತಾರೆ. ಕೊನೇ ದಿನಗಳಿಗೆ ಮಾತ್ರ ಪ್ಲಾನೇ ಇರಲ್ಲ. ನೋಡದೇ ಉಳಿದಿರೋ ಜಾಗ ಎಲ್ಲಾ ಅಲ್ಲಿಗೆ ತುಂಬ್ತಾರೆ, ಶಾಪಿಂಗೂ ಅವತ್ತೇ, ಪ್ಯಾಕಿಂಗೂ ಅವತ್ತೇ, ಹೊರಡೋ ಹೊತ್ತಿಗೆ ತಾತನ ಮಂಡಿ ಊದಿರತ್ತೆ, ಮಗು ಅಳ್ತಿರತ್ತೆ, ಅಣ್ಣತಮ್ಮಂದಿರು ಮಾತಾಡದೇ ಬೇರೆ ಬೇರೆ ಕಾರಲ್ಲಿ ಕೂತಿರ್ತಾರೆ. ನಮ್ಮ ಮನೇಲೇ ಹೋಂಸ್ಟೇ ಇರೋದ್ರಿಂದ ಇದನ್ನ ತುಂಬಾ ಹತ್ತಿರದಿಂದ ನೋಡಿದೀನಿ, ಚೆನ್ನಾಗಿ ಕಳೆದವರನ್ನೂ ನೋಡಿದೀನಿ, ಚೆನ್ನಾಗಿ ಕಳೆದವರು ಏನು ಮಾಡಿದ್ರು ಅನ್ನೋದನ್ನೇ ಇಲ್ಲಿ ಬರೀತಿರೋದು.

ಮುಖ್ಯ ವಿಷಯ ಒಂದೇ. ಕೊನೇ ಮೂರು ದಿನವನ್ನ ಹೊರಡೋ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕ್ಬೇಕು, ಮತ್ತೆ ಆ ಲೆಕ್ಕವನ್ನ ಕುಟುಂಬದಲ್ಲಿ ಎಲ್ರಿಗಿಂತ ನಿಧಾನವಾಗಿ ನಡೆಯೋರ ಹೆಜ್ಜೆಗೆ ಹಾಕ್ಬೇಕು. ಒಂದು ದಿನ ಹೊರಗೆ, ಒಂದು ದಿನ ಮನೇಲಿ, ಒಂದು ದಿನ ದಾರೀಲಿ.

ಮೊದಲನೇ ಕೆಲಸ: ಹೊರಡೋ ದಿನ, ಗಂಟೆ, ದಾರಿ ಮೂರನ್ನೂ ಫಿಕ್ಸ್ ಮಾಡಿ

ಇದನ್ನ ಬುಕಿಂಗ್ ಮಾಡುವಾಗ್ಲೇ ಮಾಡಿದ್ರೆ ಒಳ್ಳೇದು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡೋಣ ಅಂತ ಎಲ್ರೂ ಅಂದ್ಕೊಳ್ತಾರೆ, ಅದಕ್ಕೇ ಕುಶಾಲನಗರದಿಂದ ಹುಣಸೂರು ತನಕ ರೋಡ್ ತುಂಬಿರತ್ತೆ, ಆಮೇಲೆ ಸಂಜೆ ಬೆಂಗಳೂರು ಒಳಗೆ ಹೋಗೋ ಕಡೆ ಇನ್ನೊಂದು ಸಲ ಸಿಕ್ಕಾಕೊಳ್ತೀರ. ಶನಿವಾರ ಹೊರಟ್ರೆ ಭಾನುವಾರ ಪೂರ್ತಿ ಮನೇಲಿ ಕೈಗೆ ಸಿಗತ್ತೆ, ಮಕ್ಕಳಿಗೆ ಸ್ಕೂಲಿಗೆ ಮುಂಚೆ ನಿದ್ದೆ, ದೊಡ್ಡವರಿಗೆ ಸುಧಾರಿಸ್ಕೊಳ್ಳೋಕೆ ಟೈಮ್. ಒಂದು ದಿನದ ಬಾಡಿಗೆನೂ ಉಳಿಯತ್ತೆ.

ಕೊಡಗಿನ ಒಳಗೆ ರೈಲ್ವೆ ಸ್ಟೇಷನ್ ಇಲ್ಲ ಅನ್ನೋದು ಹೊರಗಿನವರಿಗೆ ಎಷ್ಟೋ ಸಲ ಗೊತ್ತೇ ಇರಲ್ಲ, ಹಾಗಾಗಿ ರೈಲು ಹತ್ತೋರು ಮೈಸೂರಿಗೋ ಮಂಗಳೂರಿಗೋ ಕಣ್ಣೂರು ಕಡೆಗೋ ಇಳೀಲೇಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 260. ಮ್ಯಾಪ್ ತೋರಿಸೋ ಟೈಮನ್ನ ವಯಸ್ಸಾದವರು ಇರೋ ಕಾರಿಗೆ ನಂಬಬೇಡಿ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸ್ಬೇಕಾಗತ್ತೆ, ಪ್ರತಿ ಸಲ ಇಳಿದು ಹತ್ತೋಕೇ ಇಪ್ಪತ್ತು ನಿಮಿಷ, ಬೆಂಗಳೂರಿಗೆ ಅಂದ್ರೆ ಮ್ಯಾಪ್ ಹೇಳಿದ್ದಕ್ಕಿಂತ ಎರಡು ಗಂಟೆ ಜಾಸ್ತಿ ಇಟ್ಕೊಳ್ಳಿ.

ವಿದೇಶದಿಂದ ಬಂದಿರೋ ಮಗನೋ ಮಗಳೋ ಇದ್ರೆ ಕಣ್ಣೂರು ಏರ್‌ಪೋರ್ಟ್ ನೆನಪಿಟ್ಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದ್ರೆ ಸುಮಾರು 60 ಕಿಲೋಮೀಟರ್ ಅಷ್ಟೇ. ದೂರ ಕಮ್ಮಿ ಆದ್ರೆ ತಿರುವು ಜಾಸ್ತಿ, ವಾಂತಿ ಆಗೋರು ಇದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಮಂಗಳೂರಿಗೆ ಸಂಪಾಜೆ ಘಾಟಿ, ಸುಳ್ಯ, ಪುತ್ತೂರು ದಾರಿ. ದಕ್ಷಿಣದ ಕಡೆ, ಕುಟ್ಟದ ಹತ್ರ ಉಳ್ಕೊಂಡಿರೋರು ನಾಗರಹೊಳೆ ಕಾಡಿನ ಒಳಗಿನ ರೋಡಲ್ಲಿ ಹೋಗೋಣ ಅಂದ್ಕೊಂಡಿದ್ರೆ ಆ ದಾರಿ ಸಂಜೆ 6ರಿಂದ ಬೆಳಗ್ಗೆ 6ರ ತನಕ ಬಂದ್, ಗೇಟ್ ಹತ್ರ ಬಂದು ವಾಪಸ್ ಹೋಗೋ ಹಾಗೆ ಮಾಡ್ಕೊಬೇಡಿ.

ಮಳೆಗಾಲದಲ್ಲಿ ಬರೋರಿಗೆ ಸ್ವಲ್ಪ ಗಟ್ಟಿಯಾಗಿ ಹೇಳ್ತೀನಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ರೋಡೇ ಕಡಿದು ಹೋಗಿತ್ತು, 2020ರ ಆಗಸ್ಟ್‌ನಲ್ಲಿ ತಲಕಾವೇರಿ ಹತ್ರಾನೇ ಬೆಟ್ಟ ಕುಸಿದು ಜೀವ ಹೋಯ್ತು. ಇಲ್ಲಿನ ನಮಗೆ ಅದು ಹಳೇ ನ್ಯೂಸ್ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರೋದಾದ್ರೆ ಹೊರಡೋ ದಿನಕ್ಕೂ ಫ್ಲೈಟ್ ದಿನಕ್ಕೂ ಮಧ್ಯ ಒಂದು ಪೂರ್ತಿ ದಿನ ಖಾಲಿ ಬಿಡಿ, ಜಿಲ್ಲಾಡಳಿತ ಈ ರೋಡ್ ಬೇಡ ಅಂದ್ರೆ ಬೇಡ, ಡ್ರೈವರ್ ಎಷ್ಟೇ ಧೈರ್ಯ ಹೇಳಿದ್ರೂ ಬೇಡ.

ಹಬ್ಬದ ಡೇಟೂ ನೋಡ್ಕೊಳ್ಳಿ. ಮಡಿಕೇರಿ ದಸರಾ ಅಂದ್ರೆ ವಿಜಯದಶಮಿ ರಾತ್ರಿ ಇಡೀ ದಶಮಂಟಪಗಳ, ಅಂದ್ರೆ ಹತ್ತು ದೇವಸ್ಥಾನಗಳ ಅಲಂಕಾರದ ಮಂಟಪಗಳ ಮೆರವಣಿಗೆ, ಆ ರಾತ್ರಿ ಮತ್ತು ಮಾರನೇ ಬೆಳಗ್ಗೆ ಊರೊಳಗಿಂದ ಕಾರ್ ತೆಗೆಯೋದು ಕಷ್ಟ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿ, ಭಾಗಮಂಡಲದ ಕಡೆ ಜನವೋ ಜನ. ನೋಡೋಕಂತಾನೇ ಬರೋದಾದ್ರೆ ಬನ್ನಿ, ತುಂಬಾ ಚೆನ್ನಾಗಿರತ್ತೆ, ಆದ್ರೆ ವಾಪಸ್ ಹೊರಡೋ ದಿನ ಅದೇ ಆಗ್ಬಾರ್ದು.

ಹೊರಡೋಕೆ ಎರಡು ದಿನ ಮುಂಚೆ: ಹಿರಿಯರ ಆಸೆಯ ದಿನ

ಇದು ಕೊನೇ ಸಲ ಹೊರಗೆ ಸುತ್ತೋ ದಿನ, ಇದನ್ನ ಅಜ್ಜಿ ತಾತನಿಗೆ ಬಿಡಿ. "ಅಮ್ಮ, ನಿಮಗೆ ಎಲ್ಲಿಗೆ ಹೋಗ್ಬೇಕು" ಅಂತ ಎಲ್ರ ಮುಂದೆ ಕೇಳಿದ್ರೆ "ನನ್ನದೇನಪ್ಪಾ, ನೀವು ಹೋದ ಕಡೆ" ಅಂತಾರೆ, ಒಬ್ಬರೇ ಇರುವಾಗ, ಕಾಫಿ ಕುಡೀತಾ ಕೇಳಿ. ನಮ್ಮ ಮನೆಗೆ ಬರೋ ಹಿರಿಯರಲ್ಲಿ ಹೆಚ್ಚಿನವರು ಹೇಳೋದು ತಲಕಾವೇರಿ.

ಹಾಗಿದ್ರೆ ಬೇಗ ತಿಂಡಿ ಮುಗಿಸಿ ಹೊರಡಿ, ಮೊದಲು ಭಾಗಮಂಡಲ. ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರೋ ತ್ರಿವೇಣಿ ಸಂಗಮದಲ್ಲಿ ಸ್ನಾನ ಮಾಡಿ, ಭಗಂಡೇಶ್ವರನ ದರ್ಶನ ಮಾಡಿ, ಆಮೇಲೆ 8 ಕಿಲೋಮೀಟರ್ ಮೇಲೆ ತಲಕಾವೇರಿಗೆ ಹೋಗೋದು ರೂಢಿ. ಸ್ನಾನ ಆಗದಿದ್ದವರು ಕಾಲು ತೊಳ್ಕೊಂಡು ತಲೆಗೆ ನೀರು ಪ್ರೋಕ್ಷಣೆ ಮಾಡ್ಕೊಂಡ್ರೂ ಸಾಕು, ಮಳೆಗಾಲದಲ್ಲಿ ನೀರು ಏರಿದ್ರೆ ಇಳಿಯೋದೇ ಬೇಡ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕ್ತಾರೆ, ಅದಕ್ಕೇ ಬೇಗ ಅಂದಿದ್ದು. ತಲಕಾವೇರಿಯಲ್ಲಿ ಮೆಟ್ಟಿಲು ಇದೆ, ನಿಧಾನಕ್ಕೆ ಹತ್ತಿಸಿ, ಒಬ್ಬರು ಪಕ್ಕದಲ್ಲಿ ಇರಿ. ಅಲ್ಲಿಂದ ಮೇಲಿನ ಬ್ರಹ್ಮಗಿರಿ ಮೆಟ್ಟಿಲು ಹಿರಿಯರಿಗೆ ಬೇಡ. ಗಾಳಿ, ಮಂಜು ಯಾವಾಗ ಬೇಕಾದ್ರೂ ಬರತ್ತೆ, ಸ್ವೆಟರ್ ಕಾರಲ್ಲಿ ಬಿಟ್ಟು ಹೋಗ್ಬೇಡಿ. ಬಿಗಿ ಮುಚ್ಚಳದ ಸಣ್ಣ ಬಾಟಲಿ ಒಂದು ಮನೆಯಿಂದ್ಲೇ ತಗೊಂಡು ಹೋಗಿ, ತೀರ್ಥ ತಗೊಂಡು ಹೋಗಿ ಊರಲ್ಲಿ ಅಕ್ಕಪಕ್ಕದವರಿಗೆ ಕೊಡೋದು ಅಜ್ಜಿಯಂದಿರಿಗೆ ಎಷ್ಟು ಖುಷಿ ಅಂತ ನೋಡಿದೋರಿಗೇ ಗೊತ್ತು.

ಅಷ್ಟು ದೂರ ಆಗಲ್ಲ ಅನ್ನೋರಿಗೆ ಮಡಿಕೇರಿ ಊರಲ್ಲೇ ಓಂಕಾರೇಶ್ವರ ಇದೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಮುಂದೆ ಕೊಳ, ಆರಾಮಾಗಿ ಕೂರಬಹುದು. ಸಂಜೆ ರಾಜಾಸೀಟಲ್ಲಿ ಬೆಂಚ್ ಹಿಡಿದು ಕೂತ್ರೆ ಆಯ್ತು.

ಎಲ್ರೂ ಒಟ್ಟಿಗೇ ಹೋಗ್ಬೇಕು ಅನ್ನೋ ಹಠ ಇಲ್ಲಿ ಬಿಟ್ಟುಬಿಡಿ. ಅಬ್ಬಿ ಫಾಲ್ಸ್ ಮೆಟ್ಟಿಲು ಇಳಿಯೋದು ಸುಲಭ, ಹತ್ತೋದು ಮಂಡಿಗೆ ಕಷ್ಟ. ಮಾಂದಲ್‌ಪಟ್ಟಿ ಜೀಪು ಸೊಂಟ ನೋವಿನವರಿಗೆ ಖಂಡಿತಾ ಬೇಡ. ದುಬಾರೆಯಲ್ಲಿ ಬೆಳಗ್ಗೆ ಆನೆ ಸ್ನಾನ ನೋಡೋಕೆ ಹೊಳೆ ದಾಟ್ಬೇಕು, ಬೋಟ್ ಹತ್ತಿ ಇಳಿಯೋದು, ಕ್ಯೂ ನಿಲ್ಲೋದು ಹಿರಿಯರಿಗೆ ಆಗಲ್ಲ, ಮಳೆಗೆ ಹೊಳೆ ತುಂಬಿದಾಗ ಬೋಟೇ ಇರಲ್ಲ. ಇವನ್ನೆಲ್ಲಾ ಚಿಕ್ಕಪ್ಪನೋ ಅತ್ತೆಯೋ ಮಕ್ಕಳನ್ನ ಕರ್ಕೊಂಡು ಟ್ರಿಪ್‌ನ ಮೊದಲ ಅರ್ಧದಲ್ಲೇ ಮುಗಿಸಿಬಿಡ್ಲಿ. ಉಳಿದಿದ್ರೆ ಉಳೀಲಿ, ಕೊನೇ ದಿನಕ್ಕೆ ತರ್ಬೇಡಿ.

ಕೊನೇ ಪೂರ್ತಿ ದಿನ: ಕಾರ್ ತೆಗೀಬೇಡಿ

ಕೇಳೋಕೆ ದುಡ್ಡು ಕೊಟ್ಟು ಬಂದು ಸುಮ್ನೆ ಕೂರೋದಾ ಅನ್ಸತ್ತೆ, ಆದ್ರೆ ಮೂರು ತಲೆಮಾರು ಒಂದೇ ಜಗಲಿಯಲ್ಲಿ ಇಡೀ ದಿನ ಕೂತಿರೋದು ವರ್ಷದಲ್ಲಿ ಇನ್ಯಾವಾಗ ಆಗತ್ತೆ ಹೇಳಿ. ಜಾಗ ನೋಡೋಕೆ ಇನ್ನೊಂದ್ಸಲ ಬರಬಹುದು, ತಾತ ತನ್ನ ಸ್ಕೂಲ್ ಕಥೆ ಹೇಳೋ ಮಧ್ಯಾಹ್ನ ಬೇಕಂದಾಗ ಸಿಗಲ್ಲ.

ಬೆಳಗ್ಗೆ ಮನೆಯವರನ್ನ ಕೇಳ್ಕೊಂಡು ತೋಟದಲ್ಲಿ ಒಂದು ಸುತ್ತು ಹೋಗಿ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದ ಮೇಲೆ ಕಾಫಿ ಹೂವಾಗತ್ತೆ, ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಥರ ವಾಸನೆ, ಅದು ಕೆಲವೇ ದಿನ. ನವೆಂಬರ್‌ನಿಂದ ಜನವರಿ ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ, ಆಗ ಬಂದ್ರೆ ಕಣದಲ್ಲಿ ಒಣಗಿಸೋದನ್ನ ಮಕ್ಕಳು ನೋಡಬಹುದು. ಕಣದ ಮೇಲೆ ಓಡಾಡೋಕೆ ಬಿಡ್ಬೇಡಿ, ಅದು ಅವರ ವರ್ಷದ ದುಡಿಮೆ.

ಆನೆ ವಿಷಯ ದಯವಿಟ್ಟು ಸೀರಿಯಸ್ಸಾಗಿ ತಗೊಳ್ಳಿ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆ ಕಾಡಾನೆ ಕಾಫಿ ತೋಟದೊಳಗೇ ಇರತ್ತೆ, ಕೆಲಸಕ್ಕೆ ಹೋಗೋರು ಸತ್ತಿದಾರೆ. ಬೆಳಕು ಹರಿಯೋ ಮುಂಚೆ, ಸಂಜೆ ಕತ್ತಲಾದ ಮೇಲೆ ವಾಕಿಂಗ್ ಬೇಡ, ಮನೆಯವರು ಇವತ್ತು ಆ ಕಡೆ ಹೋಗ್ಬೇಡಿ ಅಂದ್ರೆ ವಾದ ಮಾಡ್ಬೇಡಿ.

ಮಳೆಗಾಲ ಆದ್ರೆ ಇಂಬಳ, ಅಂದ್ರೆ ಜಿಗಣೆ, ಇದ್ದೇ ಇರತ್ತೆ. ಕಿತ್ತು ಎಳೀಬೇಡಿ, ಉಪ್ಪು ಹಾಕಿದ್ರೆ ತಾನೇ ಬೀಳತ್ತೆ. ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ರಸ ಬಿಡತ್ತೆ, ಹಾಗಾಗಿ ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರತ್ತೆ, ಹಾರ್ಟ್ ಪ್ರಾಬ್ಲಮ್‌ಗೆ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿಗಂತೂ ಇನ್ನೂ ಜಾಸ್ತಿ. ಗಾಬರಿ ಬೇಡ, ತೊಳೆದು ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡೀರಿ, ನಿಲ್ಲದಿದ್ರೆ ಡಾಕ್ಟರ್ ಹತ್ರ ಹೋಗಿ. ಪ್ಯಾಕ್ ಮಾಡೋ ಮುಂಚೆ ಶೂ, ಸಾಕ್ಸ್ ಒದರಿ ನೋಡೋದು ಮರೀಬೇಡಿ.

ಮಧ್ಯಾಹ್ನ ಅಡುಗೆ ಮನೆ. ಹೋಂಸ್ಟೇ ಅಕ್ಕನಿಗೆ ಹಿಂದಿನ ದಿನವೇ ಹೇಳಿ, "ಅಕ್ಕಾ, ನಾಳೆ ನಮ್ಮ ಅಮ್ಮ, ಮಕ್ಕಳು ನಿಮ್ಮ ಜೊತೆ ನಿಂತ್ಕೊಂಡು ನೋಡಬಹುದಾ" ಅಂತ, ಹೆಚ್ಚಿನವರು ಸಂತೋಷದಿಂದ ಹೂಂ ಅಂತಾರೆ. ಅಕ್ಕಿ ತರಿಯಲ್ಲಿ ಕಡಂಬಿಟ್ಟು ಉಂಡೆ ಕಟ್ಟೋದು ಸಣ್ಣ ಮಕ್ಕಳಿಗೂ ಬರತ್ತೆ, ನೂಲ್‌ಪುಟ್ಟು, ಅಂದ್ರೆ ಅಕ್ಕಿ ಶ್ಯಾವಿಗೆ, ಒತ್ತೋಕೆ ದೊಡ್ಡ ಹುಡುಗ್ರ ಕೈ ಬಲ ಬೇಕು. ಪಂದಿ ಕರಿಗೆ, ಅಂದ್ರೆ ಹಂದಿ ಮಾಂಸದ ಅಡುಗೆಗೆ, ಕೊನೇಲಿ ಕಾಚಂಪುಳಿ ಅನ್ನೋ ಕಪ್ಪು ಹುಳಿ ರಸ ಹಾಕೋದನ್ನ ನೋಡಿ, ಎಷ್ಟು ಹಾಕ್ತಾರೆ ಅಂತ ಕಣ್ಣಲ್ಲಿ ನೋಡಿದ್ರೇ ಗೊತ್ತಾಗೋದು. ಮನೇಲಿ ಮಾಂಸ ತಿನ್ನದ ಅಜ್ಜಿ ಇದ್ರೆ ಬೇರೆ ಪಾತ್ರೆ, ಬೇರೆ ಸೌಟು ಬೇಕು ಅಂತ ಮುಂಚೇನೇ ಹೇಳ್ಬೇಕು, ಊಟಕ್ಕೆ ಕೂತ ಮೇಲೆ ಹೇಳಿದ್ರೆ ಇಬ್ಬರಿಗೂ ಮುಜುಗರ.

ಗುಂಪು ಫೋಟೋ ಇವತ್ತೇ, ನಾಲ್ಕೂವರೆ ಐದು ಗಂಟೆಗೆ, ಬೆಳಕು ಮೃದುವಾಗಿರುವಾಗ. ಹೊರಡೋ ಬೆಳಗ್ಗೆ ತೆಗೆಯೋಣ ಅಂತ ಬಿಟ್ರೆ ಒಬ್ಬರು ಬಾತ್‌ರೂಮಲ್ಲಿ, ಒಬ್ಬರು ಡಿಕ್ಕಿ ಹತ್ರ, ಆಗೋದೇ ಇಲ್ಲ. ಹಿರಿಯರಿಗೆ ಕುರ್ಚಿ ಹಾಕಿ, ಆಮೇಲೆ ಮೊಮ್ಮಕ್ಕಳ ಜೊತೆ ಒಂದು, ತಾತ ಅಜ್ಜಿ ಇಬ್ಬರದ್ದೇ ಒಂದು. ಇಬ್ಬರದ್ದೇ ಫೋಟೋ ಎಷ್ಟೋ ಮನೆಗಳಲ್ಲಿ ಮದುವೆ ಆದ ಮೇಲೆ ತೆಗೆದೇ ಇರಲ್ಲ.

ಖರೀದಿ

ಶಾಪಿಂಗ್ ಹೊರಗೆ ಸುತ್ತೋ ದಿನ ವಾಪಸ್ ಬರ್ತಾ ಮುಗಿಸಿ. ಕಾಳುಮೆಣಸು, ಕಾಫಿಯನ್ನ ನೀವು ಉಳ್ಕೊಂಡಿರೋ ತೋಟದವರ ಹತ್ರಾನೇ ಕೇಳಿ ಮೊದಲು. ಮೆಣಸು ಸ್ವಲ್ಪ ನೀರಿಗೆ ಹಾಕಿ ನೋಡಿ, ಒಳ್ಳೇ ಕಾಳು ಮುಳುಗತ್ತೆ, ಜೊಳ್ಳು, ಪಪ್ಪಾಯಿ ಬೀಜ ತೇಲತ್ತೆ. ಕಾಫಿ ಪುಡಿ ಕವರ್ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರತ್ತೆ, ಓದಿ ತಗೊಳ್ಳಿ, ಕೇಜಿಗಟ್ಟಲೆ ಬೇಡ, ಪುಡಿ ಬೇಗ ಪರಿಮಳ ಕಳ್ಕೊಳ್ಳತ್ತೆ. ಬೆಣ್ಣೆ ಹಣ್ಣು ಸೀಸನ್ ಇದ್ರೆ ಗಟ್ಟಿ ಇರೋದನ್ನೇ ಆರಿಸಿ, ಕಾರಲ್ಲಿ ಹಣ್ಣಾದದ್ದು ಪಿಚ್ಚಾಗತ್ತೆ. ಕೊಡಗಿನ ಕಿತ್ತಳೆಗೆ ಸಿಪ್ಪೆ ಸಡಿಲ, ಬಣ್ಣ ಅಷ್ಟು ಹೊಳೆಯಲ್ಲ, ಹೊಳೆಯೋದೆಲ್ಲಾ ಹೊರಗಿಂದ ಬಂದಿದ್ದು ಇರಬಹುದು. ಕಾಚಂಪುಳಿ ಕಪ್ಪಗೆ, ಹುಳಿ ಹಣ್ಣಿನ ರಸ ಕಾಯಿಸಿ ಗಟ್ಟಿ ಮಾಡಿದ್ದು, ವರ್ಷಗಟ್ಟಲೆ ಇರತ್ತೆ, ಬಾಟಲಿನ ಎರಡು ಕವರಲ್ಲಿ ಸುತ್ತಿ ನೆಟ್ಟಗೆ ಇಡಿ, ಚೆಲ್ಲಿದ್ರೆ ಕಲೆ ಹೋಗಲ್ಲ. ಫ್ಲೈಟಲ್ಲಿ ಹೋಗೋರು ಅದನ್ನೂ ಜೇನುತುಪ್ಪವನ್ನೂ ಚೆಕ್‌ಇನ್ ಬ್ಯಾಗಿಗೇ ಹಾಕಿ.

ಬಟ್ಟೆ, ಮಾತ್ರೆ, ಲೆಕ್ಕ

ಬಟ್ಟೆ ಒಗೆಯೋದನ್ನ ಎರಡು ದಿನ ಮುಂಚೇನೇ ನಿಲ್ಲಿಸಿ, ಮಳೆಗಾಲದಲ್ಲಿ ಮೂರು ದಿನ, ಇಲ್ಲಿನ ಗಾಳಿಯಲ್ಲಿ ಒಣಗಲ್ಲ. ಒದ್ದೆ ಬಟ್ಟೆಗೆ ಬೇರೆ ಚೀಲ. ಪ್ಯಾಕಿಂಗ್ ಸಂಜೆ ಆರರೊಳಗೆ ಮುಗೀಲಿ, ಯಾಕಂದ್ರೆ ಮಳೆ ಗಾಳಿ ಬಂದ್ರೆ ಕರೆಂಟ್ ಹೋಗತ್ತೆ, ಕತ್ತಲಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮೆಷಿನ್ ಹುಡುಕೋದು ಆಗಲ್ಲ. ಮೊಬೈಲ್, ಪವರ್ ಬ್ಯಾಂಕ್ ಕರೆಂಟ್ ಇರುವಾಗ್ಲೇ ಚಾರ್ಜ್ ಮಾಡಿ.

ಹಿರಿಯರ ಬಿಪಿ, ಶುಗರ್ ಮಾತ್ರೆನ ಹೊರಡೋಕೆ ಎರಡು ದಿನ ಮುಂಚೆ ಎಣಿಸಿ. ಕಮ್ಮಿ ಇದ್ರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಹಗಲು ಸಿಗತ್ತೆ, ತೋಟದ ಮನೆಯಿಂದ ರಾತ್ರಿ ಹತ್ತಕ್ಕೆ ಹುಡ್ಕೋಕೆ ಹೋಗ್ಬೇಡಿ. ದಾರಿಯಲ್ಲಿ ಬೇಕಾದ ಡೋಸ್ ಕೈಚೀಲದಲ್ಲಿ, ಡಿಕ್ಕಿಯಲ್ಲಲ್ಲ. ವಾಂತಿ ಮಾತ್ರೆ ನಿದ್ದೆ ಬರಿಸತ್ತೆ, ವಯಸ್ಸಾದವರಿಗೆ ತಲೆ ಸುತ್ತಿ ಬೀಳೋ ಹಾಗೂ ಆಗಬಹುದು, ಅವರ ಡಾಕ್ಟರನ್ನ ಊರಿಂದ ಹೊರಡುವಾಗ್ಲೇ ಕೇಳಿಟ್ಕೊಳ್ಳಿ.

ದುಡ್ಡಿನ ಲೆಕ್ಕ ಕೊನೇ ರಾತ್ರಿ ಊಟದ ಟೇಬಲ್ ಮೇಲೆ ಬೇಡ. ಒಬ್ಬರು ಮಧ್ಯಾಹ್ನವೇ ಬರೆದು ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕಳಿಸಿಬಿಡಿ, ಯಾರದ್ದು ಎಷ್ಟು ಅಂತ, ಅಪ್ಪ ಅಮ್ಮನ ಪಾಲು ಯಾರು ಹಾಕೋದು ಅಂತಾನೂ ಅದರಲ್ಲೇ ಇರ್ಲಿ. ತಾತ ನಾನೂ ಕೊಡ್ತೀನಿ ಅಂದೇ ಅಂತಾರೆ, ಬೇಡ ಬೇಡ ಅಂತ ಕೈ ಹಿಡಿದು ತಡೀಬೇಡಿ, ಅವರಿಗೆ ಬೇಜಾರಾಗತ್ತೆ, ದೇವಸ್ಥಾನದ ಪೂಜೆ ಖರ್ಚೋ ಎಲ್ರ ಕಾಫಿ ಪುಡಿಯೋ ಅವರೇ ಕೊಡ್ಲಿ. ಹೋಂಸ್ಟೇ ಬಿಲ್ಲೂ ಹಿಂದಿನ ರಾತ್ರಿನೇ ಮುಗಿಸಿ, ತೋಟದೊಳಗೆ ನೆಟ್‌ವರ್ಕ್ ಇರಲ್ಲ, ಯುಪಿಐ ನಂಬ್ಕೊಂಡಿರಬೇಡಿ, ಕ್ಯಾಶ್ ಇರ್ಲಿ. ಅಡುಗೆಗೆ ಸಹಾಯ ಮಾಡಿದವರಿಗೆ, ರೂಮ್ ಕ್ಲೀನ್ ಮಾಡಿದವರಿಗೆ, ನೀರು ಕಾಯಿಸಿ ಕೊಟ್ಟವರಿಗೆ ಅವರವರ ಕೈಗೇ ಕೊಡಿ.

ಹೊರಡೋ ದಿನ

ಬೆಳಗ್ಗೆ ಐದಕ್ಕೆ ಹೊರಡೋ ಪ್ಲಾನ್ ಬಿಡಿ. ಮಂಜು ಇರತ್ತೆ, ಎದುರಿನ ವಾಹನ ಕಾಣಲ್ಲ, ಆನೆ ಓಡಾಡೋ ಹೊತ್ತು ಕೂಡ. ಏಳೂವರೆ ಎಂಟಕ್ಕೆ ಹಗುರವಾಗಿ ತಿಂಡಿ ತಿಂದು ಹೊರಡಿ, ಘಾಟಿ ಇಳಿಯೋರಿಗೆ ಎಣ್ಣೆ ತಿಂಡಿ ಬೇಡ. ಹೋಂಸ್ಟೇಲಿ ಬುತ್ತಿ ಕೇಳಿ, ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮತ್ತೆ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಧ್ಯಾಹ್ನದ ತನಕ ಚೆನ್ನಾಗಿರತ್ತೆ. ಶುಗರ್ ಇರೋರ ಊಟದ ಟೈಮ್ ತಪ್ಪಬಾರ್ದು, ಟ್ರಾಫಿಕ್‌ನಲ್ಲಿ ನಿಂತ್ರೂ ತಿನ್ನೋಕೆ ಏನಾದ್ರೂ ಅವರ ಕೈಗೆ ಸಿಗೋ ಹಾಗೆ ಇರ್ಲಿ.

ಕಾರಲ್ಲಿ ಯಾರು ಎಲ್ಲಿ ಕೂರೋದು ಅನ್ನೋದನ್ನ ಹಿಂದಿನ ರಾತ್ರಿನೇ ಹೇಳಿ, ಮಂಡಿ ನೋವಿನವರು ಮುಂದೆ, ವಾಂತಿ ಆಗೋ ಮಗು ಕಿಟಕಿ ಪಕ್ಕ. ಮೊಮ್ಮಕ್ಕಳನ್ನ ಸಾಧ್ಯ ಆದ್ರೆ ಅಜ್ಜಿ ತಾತನ ಕಾರಲ್ಲೇ ಕೂರಿಸಿ, ಬೇರೆ ಬೇರೆ ಊರಿಗೆ ಹೋಗೋರಿಗೆ ಇನ್ನೊಂದೆರಡು ಗಂಟೆ ಒಟ್ಟಿಗೆ ಸಿಗತ್ತೆ. ಮೈಸೂರು ಕಡೆ ಹೋಗೋರಿಗೆ ದಾರಿಯಲ್ಲಿ ಒಂದೇ ಒಂದು ಜಾಗಕ್ಕೆ ನಿಲ್ಲಿಸಿ. ಕುಶಾಲನಗರದ ಹತ್ರ ಕಾವೇರಿ ನಿಸರ್ಗಧಾಮ ಹೈವೇ ಪಕ್ಕಾನೇ, ಮಕ್ಕಳಿಗೆ ಬಿದಿರಿನ ನೆರಳಲ್ಲಿ ಓಡೋಕೆ ಚೆನ್ನಾಗಿದೆ, ಆದ್ರೆ ತೂಗು ಸೇತುವೆ ಅಲ್ಲಾಡತ್ತೆ. ಹಿರಿಯರಿಗೆ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ವಾಸಿ, ಜಾಗ ಸಮತಟ್ಟು, ಒಳಗೆ ತಂಪು. ನನ್ನ ಆಯ್ಕೆ ಬೈಲಕುಪ್ಪೆ.

ಹೊರಡೋ ಹೊತ್ತಿಗೆ ಸಣ್ಣ ಮಕ್ಕಳು ಹೋಂಸ್ಟೇ ನಾಯಿ ಬಿಟ್ಟು ಬರಲ್ಲ ಅಂತ ಅಳ್ತಾರೆ, ಹತ್ತು ನಿಮಿಷ ಅದಕ್ಕೇ ಅಂತ ಇಟ್ಟಿರಿ, ಬೈದು ಎಳ್ಕೊಂಡು ಹೋಗ್ಬೇಡಿ.

ಮನೆ ತಲುಪಿದ ಮೇಲೆ

ಇದನ್ನ ಬರೆಯೋಕೇ ಇಷ್ಟು ಬರೆದೆ ಅಂದ್ರೂ ಸರಿ. ವಾರ ಪೂರ್ತಿ ಮನೆ ತುಂಬಾ ಜನ ಇದ್ದು, ಹಾಸನದಲ್ಲೋ ಮೈಸೂರಲ್ಲೋ ಇಬ್ಬರೇ ಇರೋ ಮನೆಗೆ ಅಜ್ಜಿ ತಾತ ಸಂಜೆ ಬೀಗ ತೆಗೆದು ಒಳಗೆ ಹೋಗ್ತಾರಲ್ಲ, ಆ ರಾತ್ರಿ ಅವರಿಗೆ ತುಂಬಾ ಕಷ್ಟ, ಮತ್ತೆ ಅವರು ಯಾರಿಗೂ ಹೇಳಲ್ಲ. ಮಕ್ಕಳಲ್ಲಿ ಒಬ್ಬರು ಅವತ್ತು ರಾತ್ರಿ ಅಲ್ಲೇ ಉಳ್ಕೊಳ್ಳೋ ಹಾಗೆ ಮೊದಲೇ ರಜೆ ಹಾಕಿ. ಆಗದೇ ಇದ್ರೆ ಪಕ್ಕದ ಮನೆಯವರಿಗೆ ಫೋನ್ ಮಾಡಿ ಹಾಲು, ಮೊಸರು ತಂದಿಡೋಕೆ ಹೇಳಿ, ಅವರನ್ನ ಬಾಗಿಲಲ್ಲಿ ಬಿಟ್ಟು ಹೋಗದೇ ಒಳಗೆ ಹೋಗಿ ಗ್ಯಾಸ್, ನೀರು, ಗೀಸರ್ ನೋಡಿ, ರಾತ್ರಿ ಮಾತ್ರೆ ತೆಗೆದಿಟ್ಟು, ಅವರ ಬ್ಯಾಗ್ ಬಿಚ್ಚಿಟ್ಟು ಹೊರಡಿ. ಭಾರದ ಬ್ಯಾಗ್ ಅವರೇ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೊಳ್ತಾರೆ.

ಮಾರನೇ ದಿನ ಮೊಮ್ಮಕ್ಕಳ ಕೈಲಿ ಫೋನ್ ಮಾಡಿಸಿ, ಅದರ ಮಾರನೇ ದಿನಾನೂ. ಫೋಟೋಗಳನ್ನ ವಾಟ್ಸಾಪಲ್ಲಿ ಹಾಗೇ ಕಳಿಸಿದ್ರೆ ಕ್ವಾಲಿಟಿ ಕಮ್ಮಿ ಆಗತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ, ಅದರಲ್ಲಿ ನಾಲ್ಕೈದು ಆರಿಸಿ ಪ್ರಿಂಟ್ ಹಾಕಿಸಿ ಒಂದು ವಾರದೊಳಗೆ ಅಜ್ಜಿ ಕೈಗೆ ಸೇರಿಸಿ, ಹಿಂದೆ ಪೆನ್ನಲ್ಲಿ ಎಲ್ರ ಹೆಸರು, ಊರು, ಇಸವಿ ಬರೆದು.